‘ಪನ್’ಗೆಲ್ಲ ‘ಶ್ಲೇಷೆ’ ಹೊಂದುತ್ತದೆಯೇ?

ಗೆಳೆಯರೇ,

ಇಂಗ್ಲಿಷಿನಲ್ಲಿ ‘ಪನ್’ (ಪದಗಳ ಸದ್ದು, ಅರ್ಥಗಳ ಜೊತೆ ಆಡುವ ತಮಾಷೆ) ಅನ್ನುವ ಕಡೆಯೆಲ್ಲ ನಾವು ‘ಶ್ಲೇಷೆ’ (ಒಂದೇ ಪದದಲ್ಲಿ ಎರಡು ಅರ್ಥ) ಎಂದು ಬರೆದುಬಿಡುತ್ತೇವೆ. ಅದು ಎಲ್ಲ ಪನ್‌ಗೂ ಹೊಂದುತ್ತದೆಯೇ ಎಂಬುದು ನನ್ನ ಪ್ರಶ್ನೆ.

ಮೊನ್ನೆ ಮದುವೆಗೆ ಹೊರಟಿದ್ದೆವು. ಅಪ್ಪ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ಅಮ್ಮ ಇನ್ನೂ ಒಲೆ ಮುಂದೆ. “ಎಷ್ಟು ಹೊತ್ತು ಕಾಯಿಸ್ತೀಯೇ?” ಅಂದರು ಅಪ್ಪ. ಹಾಲಿನ ಪಾತ್ರೆಯಿಂದ ಕಣ್ಣು ಕೀಳದೆ ಅಮ್ಮ ಹೇಳಿದರು, “ಉಕ್ಕೋವರೆಗೂ ರೀ.” ಅಪ್ಪನಿಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತು ನಕ್ಕರು.

ಇದು ಅಪ್ಪಟ ಶ್ಲೇಷೆ. ‘ಕಾಯು’ ಅಂದರೆ ಬಿಸಿಯಾಗು, ದಾರಿ ನೋಡು, ಎರಡೂ ಹೌದು. ಉಕ್ಕುವುದು ಹಾಲೂ ಹೌದು, ಸಿಟ್ಟೂ ಹೌದು. ‘ಶ್ಲೇಷ’ ಅಂದರೆ ಅಂಟಿಕೊಳ್ಳುವುದು, ಅಪ್ಪಿಕೊಳ್ಳುವುದು. ‘ಆಶ್ಲೇಷ’ದಲ್ಲಿರುವುದೂ ಅದೇ. ಪದ ಒಡೆದು ಇನ್ನೊಂದು ಅರ್ಥ ತೆಗೆದರೆ ಸಭಂಗ, ಒಡೆಯದೆ ಸಿಕ್ಕರೆ ಅಭಂಗ. ಅಮ್ಮನದು ಅಭಂಗ. “ಕೆರೆ ಅರಸಿ ಅರಸೀಕೆರೆಗೆ ಬಂದೆ” ಅಂದರೆ ಅದು ಯಮಕದ ಕಡೆಗೆ ಹೋಗುತ್ತದೆ, ಒಂದೇ ಸದ್ದು ಎರಡು ಸಲ ಬಂದು ಬೇರೆ ಬೇರೆ ಅರ್ಥ ಕೊಡುತ್ತದೆ.

ತೊಡಕು ಇರುವುದು ಮುಂದಿನದರಲ್ಲಿ. ಹೋಟೆಲಿನಲ್ಲಿ ದೋಸೆ ಖಾಲಿ ಅಂದಾಗ ನನ್ನ ಬಾಯಿಗೆ ತಾನಾಗಿ ಬಂತು: “ಪಾಪ, ಇವರು ನಿರ್ದೋಸಿಗಳು.” ಇಡೀ ದಿನ ಖುಷಿಯಲ್ಲಿದ್ದೆ! ಆದರೆ ಇಲ್ಲಿ ಒಂದೇ ಪದಕ್ಕೆ ಎರಡು ಅರ್ಥವಿಲ್ಲ. ಷ ಜಾರಿ ಸ ಆಯಿತು, ಆ ಸಂದಿನಲ್ಲಿ ದೋಸೆ ನುಸುಳಿತು. ಅಪ್ಪುಗೆ ಇಲ್ಲ, ಸುಮ್ನೆ ಮೈ ತಾಗಿಸಿಕೊಂಡು ಹೋದಂತೆ. ಇದನ್ನು ಶ್ಲೇಷೆ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ನಾವು ದಿನಾ ಜಾಸ್ತಿ ಕಟ್ಟುವುದು ಈ ಜಾತಿಯದ್ದೇ ಅಲ್ವಾ? ಇಂಥ ಮಾತಿನ ಆಟಕ್ಕೆ ಹೆಸರಾಗಿದ್ದ ಪತ್ರಕರ್ತ ವೈಎನ್‌ಕೆ ಅವರ ಮಾತು ಬಂದಾಗಲೂ ‘ಪನ್’ ಎಂದೇ ಹೇಳುತ್ತೇವೆ. ‘ಪದಚಮತ್ಕಾರ’ ತೀರಾ ಅಗಲ. ಒಗಟು, ಪ್ರಾಸ ಎಲ್ಲ ಅದರೊಳಗೆ ಬಂದುಬಿಡುತ್ತವೆ.

ಒಂದು ಪದದೊಳಗೆ ಇನ್ನೊಂದು ಸುಳಿದು ಹೋಗುವುದರಿಂದ ‘ಸುಳಿನುಡಿ’ ಅಂದರೆ ಹೇಗೆ? ಧಾರವಾಡ, ಮಂಗಳೂರು, ಮೈಸೂರು ಕಡೆಯ ಮನೆಮಾತಿನಲ್ಲಿ ಇದಕ್ಕೆ ಮೊದಲೇ ಹೆಸರಿದ್ದರೆ ಅದನ್ನೇ ಬಳಸುತ್ತೇನೆ. ಇನ್ನೊಂದು: ನಿಮ್ಮ ಕಡೆ ಪನ್ ‘ಮಾಡು’ತ್ತಾರೋ, ‘ಹೊಡೆ’ಯುತ್ತಾರೋ?