ಸ್ಕೈರಿಮ್ ಪಿಎಸ್4ನಲ್ಲಿದೆ, ಮಾಡ್‌ಗೋಸ್ಕರ ಪಿಸಿಗೂ ತಗೊಳ್ಳಬೇಕಾ?

ಪ್ರಶ್ನೆ: ಸ್ಕೈರಿಮ್ (ಬೆಥೆಸ್ಡಾ ಕಂಪನಿಯ ರೋಲ್ ಪ್ಲೇಯಿಂಗ್ ವಿಡಿಯೋ ಗೇಮ್) ಪಿಎಸ್4ನಲ್ಲಿ ಆಡಿದ್ದೇನೆ, ಮುಖ್ಯ ಕಥೆ ಮುಗಿದಿದೆ. ಈಗ ಹೊಸ ಲ್ಯಾಪ್‌ಟಾಪ್ ತಗೊಂಡೆ, 6 ಜಿಬಿ ಗ್ರಾಫಿಕ್ಸ್ ಕಾರ್ಡ್ ಇದೆ. ಗೆಳೆಯರೆಲ್ಲ ಮಾಡ್ (ಆಟವನ್ನು ಬದಲಾಯಿಸಲು ಆಟಗಾರರೇ ಮಾಡಿಕೊಡುವ ಫೈಲ್) ಹಾಕದೆ ಆಡಿದ್ದು ಆಟವೇ ಅಲ್ಲ ಅಂತಾರೆ. ಒಂದೇ ಆಟಕ್ಕೆ ಎರಡು ಸಲ ದುಡ್ಡು ಕೊಡೋದು ಸರಿನಾ? ಎರಡೂ ಕಡೆ ಆಡಿದವರು ಹೇಳಿ.

*

ಬೇರೆ ಆಟ ಆಗಿದ್ದರೆ ಯೋಚನೆ ಮಾಡಿ ಅಂತಿದ್ದೆ. ಇದಕ್ಕೆ ಧೈರ್ಯವಾಗಿ ತಗೊಳ್ಳಿ. ಪಿಎಸ್4ನಲ್ಲೂ ಮಾಡ್ ಇದೆಯಲ್ವಾ ಅಂತ ಯಾರಾದರೂ ಕೇಳಬಹುದು. ಇದೆ, 2016ರಲ್ಲಿ ಸ್ಪೆಷಲ್ ಎಡಿಷನ್ (ಆಟದ ಸುಧಾರಿಸಿದ ಆವೃತ್ತಿ) ಬಂದಾಗಲೇ ಬಂತು. ಆದರೆ ಅಲ್ಲಿ ಮಾಡ್‌ಗೆ ಕೊಟ್ಟ ಜಾಗ ಸುಮಾರು 1 ಜಿಬಿ, ಎಕ್ಸ್‌ಬಾಕ್ಸ್ ಒನ್‌ನಲ್ಲಿ 5 ಜಿಬಿ. ಜಾಗ ಹೋಗಲಿ, ಸೋನಿಯವರು ಹೊರಗಿನ ಫೈಲನ್ನೇ ಒಳಗೆ ಬಿಡಲಿಲ್ಲ. ಆಟದಲ್ಲಿ ಆಗಲೇ ಇರುವ ಸಾಮಾನನ್ನು ಅತ್ತಿಂದಿತ್ತ ಜೋಡಿಸಬಹುದು ಅಷ್ಟೇ, ಹೊಸ ಮುಖ, ಹೊಸ ದನಿ, ಹೊಸ ಕಟ್ಟಡ ಯಾವುದೂ ಬರೋ ಹಾಗಿಲ್ಲ.

ಪಿಸಿಯಲ್ಲಿ ನಿಜವಾದ ವ್ಯತ್ಯಾಸ ಮಾಡೋದು ಎಸ್‌ಕೆಎಸ್‌ಇ, ಅಂದರೆ ಸ್ಕೈರಿಮ್ ಸ್ಕ್ರಿಪ್ಟ್ ಎಕ್ಸ್‌ಟೆಂಡರ್. ಅಭಿಮಾನಿಗಳೇ ಬರೆದು ಪುಕ್ಕಟೆ ಕೊಡುವ ಸಣ್ಣ ಪ್ರೋಗ್ರಾಂ. ಬೆಥೆಸ್ಡಾದವರು ಮಾಡ್ ಬರೆಯುವವರಿಗೆ ಬಿಟ್ಟುಕೊಡದ ಎಷ್ಟೋ ಕೆಲಸ ಇದರಿಂದ ಆಗುತ್ತದೆ, ಒಳ್ಳೊಳ್ಳೆ ಮಾಡ್‌ಗಳಲ್ಲಿ ಬಹಳಷ್ಟು ಇದನ್ನೇ ನೆಚ್ಚಿಕೊಂಡಿವೆ. ಕನ್ಸೋಲ್‌ನಲ್ಲಿ ಇದು ಇಲ್ಲವೇ ಇಲ್ಲ. ಆಟದ ಮೆನು ಬದಲಿಸುವ ಸ್ಕೈಯುಐ ಅನ್ನೋ ಮಾಡ್ ಒಂದನ್ನೇ ತಗೊಳ್ಳಿ. ಪಿಎಸ್‌ನಲ್ಲಿ ಸಾಮಾನು ತೆರೆದರೆ ಬರೀ ಹೆಸರುಗಳ ಉದ್ದ ಪಟ್ಟಿ, ಯಾವುದು ಎಷ್ಟು ಭಾರ ಅಂತ ತಿಳಿಯಲು ಒಂದೊಂದರ ಮೇಲೂ ಹೋಗಿ ನಿಲ್ಲಬೇಕು, ನೆನಪಿದೆ ಅಲ್ವಾ? ಸ್ಕೈಯುಐ ಹಾಕಿದರೆ ತೂಕ, ಬೆಲೆ ಎಲ್ಲ ಕಂಬಸಾಲಿನಲ್ಲಿ ಕಾಣುತ್ತದೆ, ತೂಕದ ಮೇಲೆ ಕ್ಲಿಕ್ ಮಾಡಿದರೆ ಭಾರದ್ದೆಲ್ಲ ಮೇಲಕ್ಕೆ ಬರುತ್ತದೆ. ಡ್ರ್ಯಾಗನ್ ಮೂಳೆ 15 ತೂಕ, ಬೆಲೆ 500. ಉಕ್ಕಿನ ಕವಚ 35 ತೂಕ, ಬೆಲೆ 125. ಭಾರ ಜಾಸ್ತಿಯಾಗಿ ಓಡಕ್ಕಾಗದೆ ನಿಂತಾಗ ಯಾವುದನ್ನು ಬಿಸಾಕಬೇಕು ಅನ್ನೋದಕ್ಕೆ ತಲೆ ಕೆರೆದುಕೊಳ್ಳಬೇಕಾಗಿಲ್ಲ. ಇಷ್ಟು ಸಣ್ಣ ಅನುಕೂಲ ಒಂದು ಸಲ ಅಭ್ಯಾಸ ಆದರೆ ಪಿಎಸ್‌ಗೆ ವಾಪಸ್ ಹೋಗೋದು ಕಷ್ಟ.

*

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೂ ನಾನು ಬೇಡ ಅಂತೀನಿ ಮಾರಾಯ್ರೆ. ಕೆಲಸ ಮುಗಿಸಿ, ಊಟ ಮುಗಿಸಿ, ರಾತ್ರಿ ಆಟಕ್ಕೆ ಎಷ್ಟು ಹೊತ್ತು ಸಿಗುತ್ತದೆ ನೋಡಿಕೊಳ್ಳಿ. ಮಾಡ್ ಹಾಕಿದ ಮೇಲೆ, ಆಟದೊಳಗೆ ಊರಿನ ಮಧ್ಯೆ ನಡೆದುಕೊಂಡು ಹೋಗುವಾಗ ಆಟ ಒಂದು ಮಾತೂ ಹೇಳದೆ ಮುಚ್ಚಿಕೊಂಡು ಡೆಸ್ಕ್‌ಟಾಪ್‌ಗೆ ಬಂದುಬಿಡುತ್ತದೆ. ಯಾವ ಮಾಡ್ ಕಾರಣ ಅಂತ ಹುಡುಕಬೇಕು ಅಂದರೆ ಅರ್ಧ ಆಫ್ ಮಾಡಿ ನೋಡಬೇಕು, ಆಗಲಿಲ್ಲ ಅಂದರೆ ಇನ್ನರ್ಧ ಆಫ್ ಮಾಡಿ ನೋಡಬೇಕು, ಭಾನುವಾರ ಇದರಲ್ಲೇ ಕಳೆದುಹೋಗುತ್ತದೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಬೆಟ್ಟದ ಮೇಲಿನ ಹಿಮ ಚೆನ್ನಾಗಿ ಕಾಣಬೇಕು ಅಂತ ತಿಂಗಳುಗಟ್ಟಲೆ ಮಾಡ್ ಜೋಡಿಸುತ್ತಿದ್ದಾರೆ, ಅವರ ಪಾತ್ರ ಇನ್ನೂ ಆಟದ ಶುರುವಿನಲ್ಲೇ ಸಿಗುವ ವೈಟ್‌ರನ್ ಊರು ದಾಟಿಲ್ಲ.

*

ತಗೊಳ್ಳೋದೇ ಆದರೆ ಎಲ್ಲಿ ತಗೊಳ್ತೀರಿ ಅನ್ನೋದು ಮುಖ್ಯ. ಇದನ್ನು ಯಾರೂ ಮೊದಲೇ ಹೇಳಲ್ಲ. ಎಪಿಕ್ ಆನ್‌ಲೈನ್ ಅಂಗಡಿಯಲ್ಲಿ ಸಿಗುವ ಸ್ಕೈರಿಮ್ ಮತ್ತು ಮೈಕ್ರೋಸಾಫ್ಟ್‌ನ ಚಂದಾ ಸೇವೆ ಗೇಮ್ ಪಾಸ್‌ನಲ್ಲಿ ಸಿಗುವ ಸ್ಕೈರಿಮ್, ಎರಡರಲ್ಲೂ ಎಸ್‌ಕೆಎಸ್‌ಇ ಕೆಲಸ ಮಾಡಲ್ಲ. ಗೇಮ್ ಪಾಸ್ ಹೇಗೂ ಇದೆ, ಅದರಲ್ಲೇ ಮಾಡ್ ಹಾಕೋಣ ಅಂದುಕೊಂಡರೆ ಸ್ಕೈಯುಐ ಕೂಡ ಸಿಗಲ್ಲ. ಸ್ಟೀಮ್ ಇಲ್ಲವೇ ಜಿಒಜಿ (ಎರಡೂ ಪಿಸಿ ಆಟ ಮಾರುವ ಆನ್‌ಲೈನ್ ಅಂಗಡಿ), ಎರಡೇ ದಾರಿ.

ಸ್ಟೀಮ್‌ನ ತೊಂದರೆ ಅಂದರೆ ಅಪ್‌ಡೇಟ್. ಎಸ್‌ಕೆಎಸ್‌ಇ ಆಟದ ವರ್ಷನ್‌ಗೆ ಸರಿಯಾಗಿ ಹೊಂದಬೇಕು. 2021ರ ನವೆಂಬರ್‌ನಲ್ಲಿ ಆನಿವರ್ಸರಿ ಎಡಿಷನ್ ಬಂದಾಗ, ಮತ್ತೆ 2023ರ ಡಿಸೆಂಬರ್‌ನಲ್ಲಿ ಬೆಥೆಸ್ಡಾದವರದೇ ಹೊಸ ಮಾಡ್ ವ್ಯವಸ್ಥೆ ಕ್ರಿಯೇಷನ್ಸ್ ಬಂದಾಗ, ಎರಡು ಸಲವೂ ಸುಮಾರು ಜನರ ಆಟ ಒಂದೇ ರಾತ್ರಿಯಲ್ಲಿ ಕೆಟ್ಟು ಕೂತಿತ್ತು. ಸ್ಟೀಮ್‌ನಲ್ಲಿ ಆಟದ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಆಟ ತೆರೆದಾಗ ಮಾತ್ರ ಅಪ್‌ಡೇಟ್ ಆಗಲಿ ಅನ್ನೋದನ್ನು ಆರಿಸಿ, ಆಮೇಲೆ ಯಾವಾಗಲೂ ಎಸ್‌ಕೆಎಸ್‌ಇ ಲೋಡರ್‌ನಿಂದಲೇ ತೆರೆಯಿರಿ. ಜಿಒಜಿಗೆ ಸ್ಕೈರಿಮ್ ಬಂದದ್ದು 2022ರಲ್ಲಿ. ಅಲ್ಲಿ ಅಪ್‌ಡೇಟ್ ನಿಮಗೆ ಬೇಕಾದಾಗ, ಎಸ್‌ಕೆಎಸ್‌ಇ ಕೂಡ ಜಿಒಜಿದೇ ಬೇರೆ ಇಳಿಸಿಕೊಳ್ಳಬೇಕು. ಎರಡೂ ಕಡೆ ಸೇಲ್ ಬರುತ್ತಲೇ ಇರುತ್ತದೆ, ಪೂರ್ತಿ ಬೆಲೆ ಕೊಡಬೇಡಿ.

6 ಜಿಬಿ ಕಾರ್ಡಿಗೆ 2ಕೆ ಟೆಕ್ಸ್ಚರ್ (ಆಟದ ವಸ್ತುಗಳ ಮೇಲ್ಮೈಯ ಚಿತ್ರ) ಸಾಕು. ಬಕೆಟ್‌ಗೂ ಬ್ಯಾರೆಲ್‌ಗೂ 4ಕೆ ಹಾಕಬೇಡಿ, ಸುಮ್ನೆ ಫ್ಯಾನ್ ಕಿರುಚುತ್ತದೆ.

*

ಸ್ಕೈರಿಮ್ ಬಿಡಿ. ನಮ್ಮಲ್ಲಿ ಎಷ್ಟೋ ಜನ ಹೆಸರೇ ಗೊತ್ತಿಲ್ಲದೆ ಮಾಡ್ ಹಾಕಿಕೊಂಡೇ ಬೆಳೆದದ್ದು. ಇಎ ಕ್ರಿಕೆಟ್ 07 ಬಂದದ್ದು 2006ರಲ್ಲಿ, ಐಪಿಎಲ್ ಶುರುವಾದದ್ದು 2008ರಲ್ಲಿ. ಹಾಗಾದರೆ ಆ ಆಟದಲ್ಲಿ ಆರ್‌ಸಿಬಿ ಜೆರ್ಸಿ ಎಲ್ಲಿಂದ ಬಂತು? ಯಾರೋ ಪುಣ್ಯಾತ್ಮ ಕೂತು ಮಾಡಿದ ಪ್ಯಾಚ್. ತಂಡಗಳ ಪಟ್ಟಿ, ಬ್ಯಾಟಿನ ಸ್ಟಿಕ್ಕರ್, ಸ್ಟೇಡಿಯಂ, ಎಲ್ಲ ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಬರುತ್ತಿತ್ತು. ಪಿಎಸ್2ನಲ್ಲೂ ಅದೇ ಆಟ ಇತ್ತು, ಆದರೆ ಇವತ್ತಿಗೂ ಜನ ತೆರೆದು ಆಡೋದು ಪಿಸಿಯಲ್ಲಿ ಇರೋದನ್ನೇ.

*

ಬೇಡ ಅಂದವರಿಗೆ ಒಂದು ಮಾತು: ಹಿಮ ಜೋಡಿಸುತ್ತಾ ಕೂರೋದು ಅವರವರ ಚಟ, ಮಾಡ್‌ನ ತಪ್ಪಲ್ಲ. ಮಾಡ್‌ಗಳನ್ನು ಜೋಡಿಸಿಡುವ ಮಾಡ್ ಆರ್ಗನೈಸರ್ 2 ಅನ್ನೋ ಪ್ರೋಗ್ರಾಂ ಹಾಕಿಕೊಳ್ಳಿ. ಅದು ಆಟದ ಫೋಲ್ಡರ್ ಮುಟ್ಟಲ್ಲ, ಮಾಡ್‌ಗಳನ್ನು ಬೇರೆ ಕಡೆ ಇಟ್ಟು ಆಡುವಾಗ ಮಾತ್ರ ಸೇರಿಸುತ್ತದೆ, ಹಾಗಾಗಿ ಕೆಟ್ಟದ್ದನ್ನು ಟಿಕ್ ತೆಗೆದು ನೋಡೋದು ಸುಲಭ. ಆಟದ ದೋಷ ತಿದ್ದುವ ಅನಫೀಷಿಯಲ್ ಪ್ಯಾಚ್, ಸ್ಕೈಯುಐ, ಆಲ್ಟರ್ನೇಟ್ ಸ್ಟಾರ್ಟ್, ಇಷ್ಟರಿಂದ ಶುರು ಮಾಡಿ. ಆಲ್ಟರ್ನೇಟ್ ಸ್ಟಾರ್ಟ್ ಹಾಕಿದರೆ ಆಟದ ಶುರುವಿನಲ್ಲಿ ಕೈ ಕಟ್ಟಿಸಿಕೊಂಡು ಆ ಗಾಡಿಯಲ್ಲಿ ಕೂತು ಹೆಲ್ಗೆನ್ ಊರಿಗೆ ಹೋಗೋ ಶಿಕ್ಷೆ ತಪ್ಪುತ್ತದೆ, ಅದಕ್ಕೇ ದುಡ್ಡು ಕೊಡಬಹುದು. ಜೊತೆಗಾರ ಬೇಕು ಅಂದರೆ ಇನಿಗೋ ಅಂತ ನೀಲಿ ಬಣ್ಣದ ಖಾಜಿಟ್ (ಆಟದ ಬೆಕ್ಕಿನಂಥ ಜನಾಂಗದವ) ಇದ್ದಾನೆ, ಸಾವಿರಾರು ಮಾತು ರೆಕಾರ್ಡ್ ಮಾಡಿಟ್ಟಿದ್ದಾರೆ, ಬಾಯಿ ಮುಚ್ಚಲ್ಲ.

ಇನ್ನು ಎಂಡೆರಾಲ್. ಜರ್ಮನಿಯ ಶೂರ್ ಎಐ ತಂಡದವರು ಸ್ಕೈರಿಮ್ ಎಂಜಿನ್ ಮೇಲೆ ಹೊಸ ನಾಡು, ಹೊಸ ಕಥೆ ಎಲ್ಲ ಕಟ್ಟಿ 2016ರಲ್ಲಿ ಬಿಟ್ಟರು. ಸ್ಟೀಮ್‌ನಲ್ಲಿ ಸ್ಕೈರಿಮ್ ಇದ್ದವರಿಗೆ ಪುಕ್ಕಟೆ. ನೀವು ಮುಖ್ಯ ಕಥೆ ಮುಗಿಸಿದ್ದೀರಿ ಅಂದಿದ್ದಕ್ಕೆ ಹೇಳಿದೆ, ಇದು ಬೇರೆಯದೇ ಆಟ. ದಿ ಫರ್ಗಾಟನ್ ಸಿಟಿ ಕೂಡ ಮೊದಲು ಸ್ಕೈರಿಮ್ ಮಾಡ್. 2016ರಲ್ಲಿ ಆಸ್ಟ್ರೇಲಿಯದ ರೈಟರ್ಸ್ ಗಿಲ್ಡ್ ಪ್ರಶಸ್ತಿ ಬಂತು, 2021ರಲ್ಲಿ ಪ್ರತ್ಯೇಕ ಆಟವಾಗಿಯೇ ಬಂತು.

*

ಪ್ರಶ್ನೆ ಕೇಳಿದವನು: ಎಲ್ಲರಿಗೂ ಥ್ಯಾಂಕ್ಸ್. ಎಂಡೆರಾಲ್ ಆಸೆಗೆ ಸ್ಟೀಮ್‌ನಲ್ಲೇ ಸೇಲ್ ಕಾಯ್ತೀನಿ. ಪಿಎಸ್4ನ ಸೇವ್ ಪಿಸಿಗೆ ತರಬಹುದಾ?

*

ಆ ಗೋಜಿಗೆ ಹೋಗಬೇಡಿ, ಹೊಸ ಪಾತ್ರ ಶುರು ಮಾಡಿ. ಏನೇನು ಮಾಡ್ ಬೇಕು ಅಂತ ಶುರುವಿಗೇ ಗಟ್ಟಿ ಮಾಡಿಕೊಳ್ಳಿ, ಸ್ಕ್ರಿಪ್ಟ್ ಇರೋ ಮಾಡನ್ನು ಅರ್ಧ ದಾರಿಯಲ್ಲಿ ಕಿತ್ತರೆ ಸೇವ್ ಹಾಳಾಗಬಹುದು.