ಕತ್ತಲಲ್ಲಿ ಪಿಸ್ತೂಲಿಗೆ ಯಾವ ನೈಟ್ ಸೈಟ್? ಕೇಳಿದ್ದು, ಹೇಳಿದ್ದು

ಪ್ರಶ್ನೆ (ಅಥಣಿ ತಾಲೂಕು, ತೋಟದ ಮನೆಯಿಂದ):
ಸರ್, ನನ್ನ ಹತ್ತಿರ ಲೈಸೆನ್ಸ್ ಇರೋ .32 ಪಿಸ್ತೂಲ್ ಇದೆ. ಮನೆ ಊರ ಹೊರಗೆ, ಸುತ್ತ ಕಬ್ಬು. ಕರೆಂಟ್ ಹೋದರೆ ಅಂಗಳದ ತುದಿ ಸಹ ಕಾಣಲ್ಲ. ಗುರಿ ಹಿಡಿಯಲು ಪಿಸ್ತೂಲಿನ ಮೇಲಿರೋ ಸೈಟ್ ಮುಂದಿನದೂ ಕರಿ, ಹಿಂದಿನದೂ ಕರಿ. ಹಸಿರಾಗಿ ಹೊಳೆಯೋ ನೈಟ್ ಸೈಟ್ ವಿಡಿಯೊದಲ್ಲಿ ನೋಡಿದೆ. ಒಬ್ಬರು ಟ್ರಿಟಿಯಂ ಅಂತಾರೆ, ಒಬ್ಬರು ಫೈಬರ್ ಅಂತಾರೆ, ಇನ್ನೊಬ್ಬರು ಸುಮ್ನೆ ರೇಡಿಯಂ ಬಣ್ಣ ಹಚ್ಚು ಸಾಕು ಅಂತಾರೆ. ಯಾವುದು ಹಾಕಿಸಲಿ?

ಉತ್ತರ (ಬೆಳಗಾವಿ, ಸೇನೆಯಿಂದ ನಿವೃತ್ತ ಶಸ್ತ್ರ ತರಬೇತುದಾರ):
ನಮಸ್ಕಾರ ರೀ. ನೈಟ್ ಸೈಟ್ ನಿಮ್ಮ ಪಿಸ್ತೂಲ್ ಎತ್ತ ಮುಖ ಮಾಡಿದೆ ಅಂತ ತೋರಿಸುತ್ತದೆ. ಎದುರಿಗೆ ನಿಂತವನು ಯಾರು ಅಂತ ತೋರಿಸೋದಿಲ್ಲ. ತೋಟದ ಮನೆ ಹತ್ತಿರ ರಾತ್ರಿ ಓಡಾಡೋರೆಲ್ಲ ಕಳ್ಳರಲ್ಲ. ತ್ರೀ ಫೇಸ್ ಬಂತು ಅಂತ ಮೋಟರ್ ಚಾಲೂ ಮಾಡಲು ಎದ್ದ ನಿಮ್ಮ ತಮ್ಮ ಇರಬಹುದು, ನೀರು ತಿರುವಲು ಹೋದ ಆಳು ಇರಬಹುದು, ಕಬ್ಬು ಕಡಿಯೋ ಗ್ಯಾಂಗಿನವರು ಕುಡಿಯೋ ನೀರು ಕೇಳಲು ಬಂದಿರಬಹುದು. ಅದಕ್ಕೇ ನಾನು ಮೊದಲು ಟಾರ್ಚ್ ಅಂತೀನಿ, ಸೈಟ್ ಆಮೇಲೆ.

ಈಗ ನೀವು ಕೇಳಿದ ಮೂರಕ್ಕೆ ಬರೋಣ. ಟ್ರಿಟಿಯಂ ಸೈಟ್ ಅಂದರೆ ಲೋಹದಲ್ಲಿ ಕೂರಿಸಿದ ಅಕ್ಕಿಕಾಳಿನಷ್ಟು ಸಣ್ಣ ಗಾಜಿನ ಕೊಳವೆ. ಒಳಗೆ ಟ್ರಿಟಿಯಂ ಅನಿಲ, ಗಾಜಿನ ಒಳಮೈಗೆ ಫಾಸ್ಫರ್ ಪುಡಿ. ಟ್ರಿಟಿಯಂನಿಂದ ಹೊರಡೋ ಎಲೆಕ್ಟ್ರಾನ್ ಆ ಪುಡಿಗೆ ಬಡಿದಾಗ ಅದು ಹೊಳೆಯುತ್ತದೆ. ಸೆಲ್ ಬೇಡ, ಬಿಸಿಲಿಗೆ ಹಿಡಿಯೋದೂ ಬೇಡ, ಹಗಲು ರಾತ್ರಿ ತನ್ನಷ್ಟಕ್ಕೆ ಹೊಳೀತಾನೇ ಇರುತ್ತದೆ. ಆದರೆ ಟ್ರಿಟಿಯಂ ಅರ್ಧಾಯುಷ್ಯ 12.3 ವರ್ಷ, ಅಂದರೆ ಅಷ್ಟರಲ್ಲಿ ಅದು ಅರ್ಧ ಕರಗಿರುತ್ತದೆ. ಹನ್ನೆರಡು ವರ್ಷ ದಾಟಿದ ಸೈಟಿನಲ್ಲಿ ಬೆಳಕು ಅರ್ಧಕ್ಕೂ ಕಮ್ಮಿ ಆಗಿರುತ್ತದೆ, ಇಪ್ಪತ್ತೈದು ವರ್ಷಕ್ಕೆ ಕಾಲು ಭಾಗವೂ ಉಳಿದಿರೋದಿಲ್ಲ. ಹಳೇ ಸೈಟ್ ಯಾರಾದರೂ ಮಾರಲು ಬಂದರೆ ತಯಾರಾದ ವರ್ಷ ಕೇಳದೆ ದುಡ್ಡು ಕೊಡಬೇಡಿ.

ಫೈಬರ್ ಆಪ್ಟಿಕ್ ಹಗಲಿನ ಸಾಮಾನು. ಸುತ್ತಲಿನ ಬೆಳಕನ್ನು ಮೈಯಿಂದ ಎಳೆದುಕೊಂಡು ತುದಿಯಲ್ಲಿ ಚುಕ್ಕಿ ಮಾಡಿ ತೋರಿಸುತ್ತದೆ, ಬಿಸಿಲಲ್ಲಿ ನೋಡಲು ಬಹಳ ಚೆಂದ. ಬೆಳಕೇ ಇಲ್ಲದಿದ್ದರೆ ಅದು ಬರೀ ಪ್ಲಾಸ್ಟಿಕ್ ಕಡ್ಡಿ.

ಇನ್ನು ಜನ ರೇಡಿಯಂ ಅನ್ನೋ ಬಣ್ಣ. ಅದರಲ್ಲಿ ಈಗ ರೇಡಿಯಂ ಇರೋದಿಲ್ಲ, ಒಳ್ಳೇದಾದರೆ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಇರುತ್ತದೆ. ಬೆಳಕು ಕುಡಿಸಿದರೆ ಮೊದಲ ಕೆಲವು ನಿಮಿಷ ಜೋರಾಗಿ ಹೊಳೆದು ಆಮೇಲೆ ಇಳೀತಾ ಹೋಗುತ್ತದೆ. ನಿಮ್ಮ ಪಿಸ್ತೂಲ್ ಎಲ್ಲಿರುತ್ತದೆ? ಕಪಾಟಿನಲ್ಲಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಅಲ್ವಾ? ಅಲ್ಲೇ ಇರಬೇಕು ಕೂಡ. ಹಾಗಾದರೆ ರಾತ್ರಿ ಎರಡು ಗಂಟೆಗೆ ತೆಗೆದಾಗ ಬಣ್ಣ ಸತ್ತಿರುತ್ತದೆ. ನಿಮ್ಮ ಕೆಲಸಕ್ಕೆ ಮೂರರಲ್ಲಿ ಟ್ರಿಟಿಯಂ ಒಂದೇ ಸೈ.

ಅದೂ ಎಲ್ಲಾ ಕತ್ತಲಿಗೆ ಅಲ್ಲ. ಎದುರಿನವನ ಮುಖ ಗುರುತು ಸಿಗುವಷ್ಟು ಬೆಳಕಿದೆ, ಆದರೆ ನೀವು ನೆರಳಲ್ಲಿ ಇದ್ದೀರಿ, ಕೈಯಲ್ಲಿರೋ ಕರಿ ಸೈಟ್ ಕಾಣ್ತಿಲ್ಲ, ಅಂಥ ಹೊತ್ತಿಗೆ ಮಾತ್ರ. ಪೂರ್ತಿ ಕತ್ತಲಲ್ಲಿ ಚುಕ್ಕಿ ಚೆನ್ನಾಗೇ ಕಾಣುತ್ತದೆ, ಆದರೆ ಯಾರ ಮೇಲೆ ಇಟ್ಟಿದ್ದೀರಿ ಅಂತ ಗೊತ್ತಿಲ್ಲದಿದ್ದರೆ ಟ್ರಿಗರ್‌ಗೆ ಬೆರಳೇ ಹೋಗಬಾರದು.

ಪ್ರಶ್ನೆ (ಬಾಗಲಕೋಟೆ, ಬಂಗಾರದ ಅಂಗಡಿ):
ಸರ್, ಟ್ರಿಟಿಯಂ ವಿಕಿರಣ ಅಲ್ವಾ? ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಆಮೇಲೆ ಮೂರು ಚುಕ್ಕಿದು ಒಳ್ಳೇದೋ, ಮುಂದೆ ಒಂದೇ ಚುಕ್ಕಿ ಇರೋದೋ?

ಉತ್ತರ:
ವಿಕಿರಣ ಹೌದು, ಆದರೆ ಬಹಳ ದುರ್ಬಲ ಬೀಟಾ ಕಣ. ಆ ಗಾಜನ್ನೂ ದಾಟೋದಿಲ್ಲ, ಚರ್ಮವನ್ನೂ ದಾಟೋದಿಲ್ಲ. ಗಾಜು ಒಡೆದರೆ ಮಾತ್ರ ಕಿಟಕಿ ಬಾಗಿಲು ತೆಗೆದು ಹೊರಗೆ ಹೋಗಿ, ಮುಟ್ಟಿದ್ದರೆ ಕೈ ತೊಳೀರಿ. ಮಕ್ಕಳ ಚಿಂತೆ ಇದ್ದರೆ ಸೈಟಿಗಿಂತ ಪಿಸ್ತೂಲಿಗೆ ಬೀಗ ಸರಿಯಾಗಿದೆಯಾ ನೋಡಿ. ಇನ್ನೊಂದು, ವಿಕಿರಣ ವಸ್ತು ಅಂದಮೇಲೆ ನಮ್ಮ ದೇಶದಲ್ಲಿ ಅದು ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮದ ಕೆಳಗೆ ಬರುತ್ತದೆ. ಫಾರಿನ್ ವೆಬ್‌ಸೈಟಿಗೆ ಆರ್ಡರ್ ಹಾಕಿ ಕೊರಿಯರ್ ಕಾಯ್ತಾ ಕೂರಬೇಡಿ. ಲೈಸೆನ್ಸ್ ಇರೋ ಡೀಲರ್ ಮೂಲಕ, ಬಿಲ್ ಜೊತೆ ಸಿಕ್ಕರೆ ತಗೊಳ್ಳಿ, ಇಲ್ಲಾಂದ್ರೆ ಬಿಡಿ.

ಮೂರು ಚುಕ್ಕಿಯ ತೊಂದರೆ ಹಿಡಿದು ನೋಡಿದವರಿಗೆ ಗೊತ್ತು. ಕತ್ತಲಲ್ಲಿ ಸೈಟಿನ ಆಕಾರ ಕಾಣೋದಿಲ್ಲ, ಬರೀ ಮೂರು ಹಸಿರು ಚುಕ್ಕಿ ತೇಲ್ತಾ ಇರುತ್ತವೆ. ಮುಂದಿನ ಚುಕ್ಕಿ ನಡುವೆ ಇರಬೇಕಾದ್ದು, ಹಿಂದಿನ ಎರಡೂ ಚುಕ್ಕಿಯ ಎಡಕ್ಕೆ ಬಂದು ನಿಂತರೂ ಮೂರೂ ಸಾಲಾಗಿಯೇ ಕಾಣುತ್ತವೆ, ಎಲ್ಲಾ ಸರಿ ಇದೆ ಅಂತ ಮನಸ್ಸು ಒಪ್ಪಿಬಿಡುತ್ತದೆ. ಗುಂಡು ಬೇರೆ ಕಡೆ ಹೋಗುತ್ತದೆ. ಅದಕ್ಕೆ ಮುಂದಿನದು ಜೋರು ಹಸಿರು, ಹಿಂದಿನವು ಮಂಕಾಗಿ ಅಥವಾ ಹಳದಿ ಬಣ್ಣದಲ್ಲಿ ಇರೋದು ಒಳ್ಳೇದು. ಹಿಂದೆ ಬರೀ ಕರಿ ಇದ್ದು ಮುಂದೆ ಒಂದೇ ಚುಕ್ಕಿ ಇದ್ದರೂ ಕೋಣೆಯೊಳಗಿನ ದೂರಕ್ಕೆ ನಡೆಯುತ್ತದೆ. ಹಸಿರೇ ಯಾಕೆ ಅಂದರೆ ನಮ್ಮ ಕಣ್ಣು ಮಂದ ಬೆಳಕಿನಲ್ಲಿ ಹಸಿರಿಗೆ ಚುರುಕು, ಕೆಂಪಿಗೆ ಹೆಚ್ಚುಕಮ್ಮಿ ಕುರುಡು.

ಪ್ರಶ್ನೆ (ವಿಜಯಪುರ, ನಿವೃತ್ತ ಮೇಷ್ಟ್ರು):
ನನಗೆ ಐವತ್ತೆಂಟು ದಾಟಿದೆ. ಓದಲು ಕನ್ನಡಕ ಬೇಕು. ರಾತ್ರಿ ಚುಕ್ಕಿ ನೋಡಿದರೆ ನಕ್ಷತ್ರದ ಹಾಗೆ ಚೆಲ್ಲಿ ಕಾಣುತ್ತದೆ. ಸೈಟ್ ಕೆಟ್ಟಿದೆಯಾ?

ಉತ್ತರ:
ಸೈಟ್ ಕೆಟ್ಟಿಲ್ಲ ಸರ್, ಕಣ್ಣು ತೋರಿಸಿ. ಚುಕ್ಕಿ ಚೆಲ್ಲಿದ ಹಾಗೆ ಕಂಡರೆ ಬಹಳ ಸಲ ಅಸ್ಟಿಗ್ಮ್ಯಾಟಿಸಂ, ಅಂದರೆ ಕಣ್ಣಿನ ಬಾಗು ಎಲ್ಲಾ ಕಡೆ ಸಮ ಇಲ್ಲದ ದೋಷ, ಇರುತ್ತದೆ. ಪೊರೆ ಶುರುವಾದರೂ ಹಾಗೇ. ನಲವತ್ತೈದು ದಾಟಿದವರಿಗೆ ಕೈ ಚಾಚಿದ ದೂರದಲ್ಲಿರೋ ಮುಂದಿನ ಸೈಟ್, ಅಂದರೆ ಫೋರ್‌ಸೈಟ್ ಮಸುಕಾಗೋದು ಸಹಜ. ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಓದೋ ದೂರ ಅಷ್ಟೇ ಹೇಳಬೇಡಿ, ಕಣ್ಣಿಂದ ಮುಷ್ಟಿಯವರೆಗಿನ ದೂರ ಅಳೆದುಕೊಂಡು ಹೋಗಿ ಅದನ್ನೂ ಹೇಳಿ. ದಪ್ಪ ಚುಕ್ಕಿ, ಸುತ್ತ ಕಿತ್ತಳೆ ಅಥವಾ ಬಿಳಿ ಉಂಗುರ ಇರೋ ಫೋರ್‌ಸೈಟ್ ನಿಮ್ಮ ವಯಸ್ಸಿಗೆ ಹೊಂದುತ್ತದೆ.

ಕತ್ತಲಿಗೆ ಕಣ್ಣು ಪೂರ್ತಿ ಹೊಂದಲು 20ರಿಂದ 30 ನಿಮಿಷ ಬೇಕು. ಹಾಸಿಗೆಯಲ್ಲಿ ಮೊಬೈಲ್ ನೋಡ್ತಾ ಇದ್ದು ಸಪ್ಪಳ ಕೇಳಿತು ಅಂತ ಎದ್ದರೆ ಮೊದಲ ಕೆಲವು ನಿಮಿಷ ನಿಮಗೆ ಏನೂ ಕಾಣೋದಿಲ್ಲ. ಕಣ್ಣಿನ ನಟ್ಟನಡುವೆ ಕತ್ತಲಲ್ಲಿ ಕೆಲಸ ಮಾಡೋ ಕೋಶಗಳೇ ಇಲ್ಲ, ಹಾಗಾಗಿ ನೆಟ್ಟ ನೋಟಕ್ಕಿಂತ ಸ್ವಲ್ಪ ಪಕ್ಕಕ್ಕೆ ನೋಡಿದರೆ ಆಕಾರ ಜಾಸ್ತಿ ತಿಳಿಯುತ್ತದೆ. ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆ ಕಣ್ಣಿನ ಪರದೆ ಪರೀಕ್ಷೆ ಮಾಡಿಸಿ. ಅದು ಪಿಸ್ತೂಲ್ ಇರಲಿ ಬಿಡಲಿ.

ಪ್ರಶ್ನೆ (ಗೋಕಾಕ):
ಟಾರ್ಚ್ ಅಂದ್ರಿ. ಪಿಸ್ತೂಲಿಗೇ ಕಟ್ಟಿಬಿಟ್ಟರೆ ಆಗಲ್ವಾ?

ಉತ್ತರ:
ಮನೆಯವರಿಗೆ ನಾನು ಹೇಳೋದಿಲ್ಲ. ಟಾರ್ಚ್ ಪಿಸ್ತೂಲಿನ ಮೇಲೆ ಇದ್ದರೆ ನೀವು ಏನನ್ನು ನೋಡಬೇಕೋ ಅದರ ಕಡೆ ನಳಿಕೆಯನ್ನೂ ತಿರುಗಿಸಬೇಕು. ಬಾಗಿಲಲ್ಲಿ ನಿಂತದ್ದು ಮಗ ಆಗಿದ್ದರೆ? ಟಾರ್ಚ್ ಎಡಗೈಯಲ್ಲಿರಲಿ. ಹಿಂಭಾಗದಲ್ಲಿ ಗುಂಡಿ ಇರೋದು ತಗೊಳ್ಳಿ, ಒತ್ತಿದರೆ ಹತ್ತಬೇಕು, ಬಿಟ್ಟರೆ ಆರಬೇಕು. ಮನೆಯೊಳಗೆ 300ರಿಂದ 500 ಲ್ಯೂಮೆನ್ (ಟಾರ್ಚ್ ಬೆಳಕಿನ ಅಳತೆ) ಧಾರಾಳ. ಸುಣ್ಣ ಬಳಿದ ಗೋಡೆಗೆ ಜಾಸ್ತಿ ಬೆಳಕು ಬಿಟ್ಟರೆ ಅದು ತಿರುಗಿ ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ಇನ್ನೊಂದು ಮಜಾ ನೋಡಿ: ಟಾರ್ಚ್ ಹತ್ತಿದ ಮೇಲೆ ಎದುರಿಗೆ ಬೆಳಕು ಬಿದ್ದು, ಅದರ ಮುಂದೆ ಕರಿ ಸೈಟ್ ಕಡೆದಿಟ್ಟ ಹಾಗೆ ಸ್ಪಷ್ಟವಾಗಿ ಕಾಣುತ್ತದೆ. ಆ ಹೊತ್ತಿಗೆ ಟ್ರಿಟಿಯಂ ಚುಕ್ಕಿ ಕಣ್ಣಿಗೆ ಬೀಳೋದೇ ಇಲ್ಲ. ಒಳ್ಳೇ ಟಾರ್ಚ್ ಇದ್ದವರಿಗೆ ಈಗಿರೋ ಸೈಟೇ ಬಹಳ ಸಲ ಸಾಕಾಗೋದು ಇದಕ್ಕೇ.

ಪ್ರಶ್ನೆ (ಖಾನಾಪುರ):
ನನ್ನದು .32 ರಿವಾಲ್ವರ್, ಹಳೇದು. ನಮ್ಮೂರ ವೆಲ್ಡಿಂಗ್ ಅಂಗಡಿಯವನು ಫೋರ್‌ಸೈಟ್ ಕೊರೆದು ಚುಕ್ಕಿ ಕೂರಿಸಿಕೊಡ್ತೀನಿ ಅಂತಾನೆ. ಕಾಡಂಚಿನ ಊರು, ಚಿರತೆ ಭಯ ಬೇರೆ.

ಉತ್ತರ:
ಬೇಡವೇ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಬಂದೂಕು ರಿಪೇರಿ ಮಾಡೋಕೂ ಲೈಸೆನ್ಸ್ ಬೇಕು. ವೆಲ್ಡಿಂಗ್ ಅಂಗಡಿಯವನ ಜೊತೆ ನೀವೂ ಸಿಕ್ಕಿಬೀಳ್ತೀರಿ. ಹಳೇ ರಿವಾಲ್ವರ್ ಎಷ್ಟೋ ಇವೆ, ಅವುಗಳ ಹಿಂದಿನ ಸೈಟ್ ಬೇರೆ ಭಾಗವೇ ಅಲ್ಲ, ಲೋಹದಲ್ಲೇ ಕೊರೆದ ಸಣ್ಣ ತೋಡು. ಬಿಚ್ಚಿ ಬದಲಿಸಲು ಬರೋದಿಲ್ಲ. ಪಿಸ್ತೂಲಿನಲ್ಲಿ ಸ್ಲೈಡಿನ, ಅಂದರೆ ಮೇಲೆ ಹಿಂದೆ ಮುಂದೆ ಸರಿಯೋ ಭಾಗದ, ಅಡ್ಡ ತೋಡಿಗೆ ಸೈಟ್ ಕೂರಿಸಿದ್ದರೆ ಮಾತ್ರ ಬದಲಿಸೋ ಮಾತು.

ಬದಲಿಸಿದ ಮೇಲೂ ಕೆಲಸ ಮುಗಿಯೋದಿಲ್ಲ. ಎರಡೂ ಸೈಟಿನ ನಡುವೆ 120 ಮಿಲಿಮೀಟರ್ ಇರೋ ಪಿಸ್ತೂಲಿಗೆ ಹೊಸ ಫೋರ್‌ಸೈಟ್ ಬರೀ ಅರ್ಧ ಮಿಲಿಮೀಟರ್ ಎತ್ತರ ಆಯ್ತು ಅಂತಿಟ್ಟುಕೊಳ್ಳಿ, 10 ಮೀಟರಿನಲ್ಲಿ ಗುಂಡು ಸುಮಾರು 4 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಹಾಗಾಗಿ ಅನುಮತಿ ಇರೋ ಶೂಟಿಂಗ್ ರೇಂಜಿಗೆ ಹೋಗಿ ಕಾಗದದ ಮೇಲೆ ಹೊಡೆದು ನೋಡಲೇಬೇಕು. ಹೊಲದಲ್ಲಿ ಬದುವಿಗೆ ಹೊಡೆದು ನೋಡಿದೆ ಅನ್ನೋರು ಇದ್ದಾರೆ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಬೇಜವಾಬ್ದಾರಿಯಿಂದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಚಿರತೆಗೆ ಪಿಸ್ತೂಲ್ ತೆಗೀಬೇಡಿ. 2022ರ ಆಗಸ್ಟಿನಲ್ಲಿ ಬೆಳಗಾವಿ ಗಾಲ್ಫ್ ಮೈದಾನದ ಕಡೆ ಚಿರತೆ ಕಂಡಾಗ ಶಾಲೆ ಮುಚ್ಚಿದರು, ಅರಣ್ಯ ಇಲಾಖೆ ಹುಡುಕಿತು. ಕರೆಯಬೇಕಾದದ್ದು ಅವರನ್ನೇ. ಕತ್ತಲಲ್ಲಿ .32 ಗುಂಡು ತಗುಲಿ ಗಾಯಗೊಂಡ ಚಿರತೆ ಬೆಳಿಗ್ಗೆ ಯಾರ ಎದುರಿಗೆ ಬರುತ್ತದೋ ಯಾರಿಗೆ ಗೊತ್ತು.

ಪ್ರಶ್ನೆ (ಅಥಣಿ, ಮೊದಲು ಕೇಳಿದವರೇ):
ಸರ್, ಹಾಗಾದರೆ ನಾನು ಈಗ ಏನು ಮಾಡಲಿ? ಒಂದೇ ಮಾತಲ್ಲಿ ಹೇಳಿ.

ಉತ್ತರ:
ಒಂದೇ ಮಾತಲ್ಲಿ ಆಗಲ್ಲ ರೀ. ಅಂಗಳದ ಎರಡೂ ಮೂಲೆಗೆ ಸೋಲಾರ್ ದೀಪ ಹಾಕಿಸಿ, ಮನುಷ್ಯ ಅಡ್ಡ ಬಂದರೆ ತಾನೇ ಹತ್ತುವಂಥದ್ದು. ಒಂದು ಒಳ್ಳೇ ಟಾರ್ಚ್ ತಗೊಳ್ಳಿ. ಆಮೇಲೆ ಒಂದು ರಾತ್ರಿ ಪಿಸ್ತೂಲ್ ಖಾಲಿ ಮಾಡಿ, ಗುಂಡು ತುಂಬೋ ಮ್ಯಾಗಜೀನ್ ತೆಗೆದು, ನಳಿಕೆಯ ಹಿಂದೆ ಗುಂಡು ಕೂರೋ ಚೇಂಬರ್ ಕಣ್ಣಿಂದ ನೋಡಿ ಬೆರಳಿಂದ ಮುಟ್ಟಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಮನೆಯೊಳಗೇ ಆಚೆ ಯಾರೂ ಇಲ್ಲದ ದಪ್ಪ ಗೋಡೆ ಕಡೆ ಹಿಡಿದು, ಟಾರ್ಚ್ ಇದ್ದೂ ಇಲ್ಲದೆಯೂ ಸೈಟ್ ಎಷ್ಟು ಕಾಣುತ್ತದೆ ನೋಡಿ. ಟಾರ್ಚ್ ಬೆಳಕಲ್ಲಿ ಚೆನ್ನಾಗಿ ಕಂಡರೆ ನೈಟ್ ಸೈಟಿನ ದುಡ್ಡು ಉಳೀತು. ಆದರೂ ಬೇಕೇ ಅನಿಸಿದರೆ ಲೈಸೆನ್ಸ್ ಕೊಟ್ಟ ಕಚೇರಿಗೆ ಒಂದು ಅರ್ಜಿ ಬರೆದು ಕೇಳಿ, ಡೀಲರ್ ಹತ್ತಿರವೇ ಹಾಕಿಸಿ, ಬಿಲ್ ಜೋಪಾನ. ಚುನಾವಣೆ ಬಂದು ಪಿಸ್ತೂಲನ್ನು ಠಾಣೆಯಲ್ಲಿ ಜಮಾ ಮಾಡುವಾಗ ರಸೀದಿಯಲ್ಲಿ ಸೈಟ್ ಬದಲಾಗಿದೆ ಅಂತ ಬರೆಸಿಕೊಳ್ಳಿ, ವಾಪಸ್ ತರುವಾಗ ತಕರಾರು ಇರೋದಿಲ್ಲ.