ಮೂವತ್ತು ಐಟಂ ಮಾರಿದ್ರೆ ಟ್ಯಾಕ್ಸಾ?

ಭಾನುವಾರ ನಮ್ಮ ಮನೆ ಗುಂಪಿನಲ್ಲಿ ನಡೆದ ಜಗಳ ಇದು. ಹೂವಿನ ಶುಭೋದಯ, ಕೈಮುಗಿಯುವ ಚಿತ್ರಗಳನ್ನು ತೆಗೆದಿದ್ದೇನೆ. ಅತ್ತೆ ಪಾಂಡವಪುರದಲ್ಲಿ ಬೆಲ್ಲದ ವ್ಯಾಪಾರ ಮಾಡುತ್ತಾರೆ, ಶಾಪಿಂಗ್ ಆ್ಯಪ್‌ನಲ್ಲೂ ಮಾರುತ್ತಾರೆ. ನಾನು ಮೈಸೂರಿನಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸ ಮಾಡುತ್ತೇನೆ.

ದೊಡ್ಡಪ್ಪ (ಫಾರ್ವರ್ಡ್): ಎಚ್ಚರ!! ಆನ್‌ಲೈನಲ್ಲಿ ವರ್ಷಕ್ಕೆ 30 ಐಟಂ ಮಾರಿದವರ ಹೆಸರು ನೇರವಾಗಿ ಟ್ಯಾಕ್ಸ್ ಆಫೀಸಿಗೆ!! ಹಳೇ ಬಟ್ಟೆ ಮಾರಿದರೂ ಬಿಡಲ್ಲ!! ಎಲ್ಲರಿಗೂ ಕಳಿಸಿ!!

ದೊಡ್ಡಪ್ಪ: ತಂಗ್ಯಮ್ಮ, ಇದು ನಿನಗೇ. ಆ ಆ್ಯಪ್ ತೆಗೆದುಹಾಕು. ಮೊದಲಿನ ಹಾಗೆ ಕ್ಯಾಶ್ ತಗೋ.

ಅತ್ತೆ: ಅಣ್ಣಾ, ನಾನು 30 ಪ್ಯಾಕೆಟ್ ಒಂದು ವಾರಕ್ಕೇ ಕಳಿಸ್ತೀನಲ್ಲ!

ಚಿಕ್ಕಪ್ಪ: ದೊಡ್ಡವರನ್ನು ಬಿಟ್ಟು ಬೆಲ್ಲದವರನ್ನು ಹಿಡೀರಿ. ಸರಿಯಾಗಿದೆ.

ಮಂಜು (ಲೀಡ್ಸ್): ಅಪ್ಪಾ, ಇದು ನಮ್ಮ ಇಂಗ್ಲೆಂಡಿನ ರೂಲ್. ಯಾರೋ ಪೌಂಡ್ ಕಿತ್ತುಹಾಕಿ ಕನ್ನಡ ಮಾಡಿದ್ದಾರೆ. 2024ರ ಜನವರಿಯಿಂದ ಇದೆ. ವರ್ಷಕ್ಕೆ 30 ಸಾಮಾನು ಮಾರಿದರೆ, ಇಲ್ಲಾ ಸುಮಾರು 1,700 ಪೌಂಡ್ ದಾಟಿದರೆ, ಆ್ಯಪ್‌ನವರು ಇಲ್ಲಿನ ತೆರಿಗೆ ಇಲಾಖೆಗೆ ವಿವರ ಕೊಡಬೇಕು. ಅಷ್ಟೇ. ಹೊಸ ಟ್ಯಾಕ್ಸ್ ಏನೂ ಹಾಕಿಲ್ಲ. ಪಾಪುವಿನ ಹಳೇ ತಳ್ಳುಗಾಡಿ, ಸ್ವೆಟರ್ ಎಲ್ಲ ನಾನೂ ಮಾರಿದೆ. ಒಂದು ಪೆನ್ನಿಯೂ ಕಟ್ಟಲಿಲ್ಲ.

ದೊಡ್ಡಪ್ಪ: ಅಲ್ಲಿ ಬಂದಿದ್ದು ಇಲ್ಲಿ ಬರಲ್ಲ ಅಂತ ಏನು ಗ್ಯಾರಂಟಿ?

ನಾನು: ಬರೋದೇನು ದೊಡ್ಡಪ್ಪ, ಇಲ್ಲಿ ಆಗಲೇ ಇದೆ. ನಮ್ಮಲ್ಲಿ ಐಟಂ ಎಣಿಸುವುದಿಲ್ಲ, ದುಡ್ಡು ನೋಡುತ್ತಾರೆ. ಶಾಪಿಂಗ್ ಆ್ಯಪ್‌ನವರು 2020ರ ಅಕ್ಟೋಬರ್‌ನಿಂದ ಮಾರುವವರ ಪ್ಯಾನ್ ನಂಬರಿನ ಮೇಲೆ ಟಿಡಿಎಸ್, ಅಂದರೆ ದುಡ್ಡು ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುತ್ತಿದ್ದಾರೆ. ಮೊದಲು 1% ಇತ್ತು, 2024ರ ಅಕ್ಟೋಬರ್‌ನಿಂದ 0.1%. ವರ್ಷಕ್ಕೆ 5 ಲಕ್ಷದೊಳಗೆ ಮಾರಿ, ಪ್ಯಾನ್ ಇಲ್ಲವೇ ಆಧಾರ್ ಕೊಟ್ಟಿದ್ದರೆ ಹಿಡಿಯುವ ಹಾಗೇ ಇಲ್ಲ. ಅತ್ತೆ, ನಿಮ್ಮದು ತಿಂಗಳಿಗೆ ಎಷ್ಟು?

ಅತ್ತೆ: ಆ್ಯಪ್, ವಾಟ್ಸಾಪ್ ಎಲ್ಲ ಸೇರಿ 35 ಸಾವಿರ. ಅದರಲ್ಲಿ ಆಲೆಮನೆಗೆ ಕೊಡೋದೇ ಜಾಸ್ತಿ.

ನಾನು: ಅಂದರೆ ವರ್ಷಕ್ಕೆ 4.2 ಲಕ್ಷ. ಟಿಡಿಎಸ್ ಇಲ್ಲ.

ದೊಡ್ಡಪ್ಪ: 2025ರ ಜುಲೈನಲ್ಲಿ ಏನಾಯ್ತು ಮರೆತೆಯಾ? ಫೋನ್‌ಪೇ, ಗೂಗಲ್‌ಪೇ ಲೆಕ್ಕ ತೆಗೆದು ಬೇಕರಿಯವರಿಗೆಲ್ಲ ಲಕ್ಷಗಟ್ಟಲೆ ಜಿಎಸ್‌ಟಿ ನೋಟಿಸ್. ಊರ ತುಂಬಾ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅಂತ ಚೀಟಿ ಅಂಟಿಸಿದ್ದರು.

ಚಿಕ್ಕಪ್ಪ: ತರಕಾರಿಯವನಿಗೂ ಕಳಿಸಿದ್ದರು! ತರಕಾರಿಗೆ ಟ್ಯಾಕ್ಸೇ ಇಲ್ಲ!

ನಾನು: ಅದು ಇಲಾಖೆ ಮಾಡಿದ ಎಡವಟ್ಟೇ ಚಿಕ್ಕಪ್ಪ, ಅದಕ್ಕೆ ನಾನು ವಕಾಲತ್ತು ಹಾಕಲ್ಲ. ಆಮೇಲೆ ಸರ್ಕಾರವೇ ಹಿಂದೆ ಸರಿಯಿತು. ಜಿಎಸ್‌ಟಿ ನೋಂದಣಿ ಮಾಡಿಸಿಕೊಳ್ಳಿ, ಹಳೇ ಬಾಕಿ ಕೇಳಲ್ಲ ಅಂದರು. ಆದರೆ ಆ ನೋಟಿಸ್ ಹೋಗಿದ್ದು ವರ್ಷದ ವಹಿವಾಟು ಜಿಎಸ್‌ಟಿ ನೋಂದಣಿಯ ಮಿತಿಯಾದ 40 ಲಕ್ಷ ದಾಟಿದೆ ಅಂತ ಕಂಡವರಿಗೆ. ಅತ್ತೆ ಎಲ್ಲಿ, ಅದೆಲ್ಲಿ?

ಇನ್ನೊಂದು ವಿಷಯ ದೊಡ್ಡಪ್ಪ. ಆ 40 ಲಕ್ಷಕ್ಕೆ ಕ್ಯಾಶ್ ಕೂಡ ಸೇರುತ್ತೆ. ಚೀಟಿ ಅಂಟಿಸಿದರೆ ಲೆಕ್ಕ ಕಾಣಲ್ಲ ಅಷ್ಟೇ, ಕಡಿಮೆ ಆಗಲ್ಲ. ಪುಸ್ತಕ ಬರೆಯದ ಸಣ್ಣ ವ್ಯಾಪಾರಿಗೆ ಇನ್‌ಕಮ್ ಟ್ಯಾಕ್ಸ್‌ನವರು ಬ್ಯಾಂಕಿಗೆ ಬಂದ ದುಡ್ಡಿನಲ್ಲಿ 6% ಲಾಭ ಅಂತ ಹಿಡೀತಾರೆ, ಕ್ಯಾಶ್ ಆದರೆ 8%. ಅತ್ತೆಯ 4.2 ಲಕ್ಷಕ್ಕೆ ಫೋನ್‌ಪೇಯಲ್ಲಿ 25,200 ರೂಪಾಯಿ ಲಾಭ, ಕ್ಯಾಶ್‌ನಲ್ಲಿ 33,600. ಬೇರೆ ಆದಾಯ ಇಲ್ಲದಿದ್ದರೆ ಎರಡಕ್ಕೂ ಟ್ಯಾಕ್ಸ್ ಬರಲ್ಲ ಬಿಡಿ. ಆದರೂ ಕ್ಯಾಶ್ ತಗೊಂಡರೆ ಲಾಭ ಅನ್ನೋ ಮಾತಿಗೆ ತಲೆಬುಡ ಇಲ್ಲ.

ದೊಡ್ಡಪ್ಪ: 🙄

ಅತ್ತೆ: ಪುಟ್ಟಿ, ಹಾಗಾದ್ರೆ ನನಗೆ ಜಿಎಸ್‌ಟಿ ಬೇಕಾ ಬೇಡ್ವಾ? ಅಷ್ಟು ಹೇಳು.

ನಾನು: ಆ್ಯಪ್‌ನಲ್ಲಿ ಮಾರುವವರು ಮೊದಲು ಒಂದು ರೂಪಾಯಿ ಮಾರಿದರೂ ನೋಂದಣಿ ಮಾಡಿಸಲೇಬೇಕಿತ್ತು. 2023ರ ಅಕ್ಟೋಬರ್‌ನಿಂದ ಸಡಿಲ ಮಾಡಿದ್ದಾರೆ. 40 ಲಕ್ಷದೊಳಗಿದ್ದು, ಒಂದೇ ರಾಜ್ಯದಿಂದ, ಆ ರಾಜ್ಯದೊಳಗೇ ಮಾರಿದರೆ ನೋಂದಣಿ ಬೇಡ. ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ನಂಬರ್ ತಗೊಂಡರೆ ಸಾಕು. ನಿಮಗೆ ಕಳೆದ ವರ್ಷ ನಾನು ಮಾಡಿಸಿಕೊಟ್ಟಿದ್ದು ಅದೇ.

ಚಿಕ್ಕಪ್ಪ: ಮುಗೀತಲ್ಲ! ಯಾಕೆ ಇಷ್ಟು ಗಲಾಟೆ?

ಅತ್ತೆ: ಹೊಸೂರಿನವರು?

ನಾನು: ಯಾವ ಹೊಸೂರು?

ಅತ್ತೆ: ತಮಿಳುನಾಡಿನ ಹೊಸೂರು. ವಾಟ್ಸಾಪ್‌ನಲ್ಲಿ ಕೇಳ್ತಾರೆ, ಕೊರಿಯರ್ ಹಾಕ್ತೀನಿ. ಪೊಂಗಲ್‌ಗೆ ಒಬ್ಬರೇ 20 ಕೇಜಿ ಅಚ್ಚು ಬೆಲ್ಲ ತಗೊಂಡರು. ಅರ್ಧ ಕೇಜಿ ಪ್ಯಾಕೆಟ್, ಲೇಬಲ್ ಹಚ್ಚಿದ್ದು.

ನಾನು: ಅಯ್ಯೋ ಅತ್ತೆ. ತೆರಿಗೆ ಇರುವ ಸಾಮಾನು ರಾಜ್ಯದ ಗಡಿ ದಾಟಿದರೆ ನೋಂದಣಿ ಬೇಕೇ ಬೇಕು. ಅಲ್ಲಿ 40 ಲಕ್ಷದ ಮಾತೇ ಬರಲ್ಲ. ಸಂತೆಯಲ್ಲಿ ತೂಗಿ ಕೊಡುವ ಬೆಲ್ಲಕ್ಕೆ ಟ್ಯಾಕ್ಸ್ ಇಲ್ಲ. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ್ದಕ್ಕೆ 2022ರ ಜುಲೈನಿಂದ 5% ಬಂತು.

ದೊಡ್ಡಪ್ಪ: ಲೇಬಲ್ ಕಿತ್ತು ಕಳಿಸಲಿ!

ನಾನು: ಪ್ಯಾಕ್ ಮಾಡಿ ಮಾರುವ ಸಾಮಾನಿಗೆ ತೂಕ, ಬೆಲೆ ಹಾಕಲೇಬೇಕು ಅನ್ನೋದು ಬೇರೆ ಕಾನೂನು. ಹಾಕಬೇಕಾದ ಲೇಬಲ್ ಹಾಕದಿದ್ದರೂ 5% ಇದ್ದೇ ಇರುತ್ತೆ.

ಚಿಕ್ಕಪ್ಪ: ಪಾಂಡವಪುರದಿಂದ ಬೀದರ್‌ಗೆ ಕಳಿಸಿದ್ರೆ ಏನೂ ಇಲ್ಲ, ಪಕ್ಕದ ಹೊಸೂರಿಗೆ ಕಳಿಸಿದ್ರೆ ತಪ್ಪು. ಇದೆಂಥಾ ರೂಲಮ್ಮ?

ನಾನು: ಇದು ಮಾತ್ರ ನಿಮ್ಮ ಮಾತು ನಿಜ. ಸಣ್ಣವರಿಗೆ ಹೊರರಾಜ್ಯಕ್ಕೂ ಒಂದು ಮಿತಿ ಇಡಬೇಕಿತ್ತು. ಟ್ಯಾಕ್ಸಿಗಿಂತ ರಿಟರ್ನ್, ಅಂದರೆ ಇಲಾಖೆಗೆ ವ್ಯಾಪಾರದ ಲೆಕ್ಕ ಕೊಡುವ ತಲೆನೋವು ಜಾಸ್ತಿ. ಏನೂ ಮಾರದ ತಿಂಗಳದ್ದನ್ನೂ ತುಂಬಬೇಕು. ತಡವಾದರೆ ಸೊನ್ನೆ ರಿಟರ್ನ್‌ಗೂ ದಿನಕ್ಕೆ 20 ರೂಪಾಯಿ ದಂಡ.

ಮಂಜು (ಲೀಡ್ಸ್): ಅತ್ತೆ, ಹೊಸೂರಿನವರನ್ನು ಬಿಟ್ಟುಬಿಡಿ. ಒಂದು ಗಿರಾಕಿಗೋಸ್ಕರ ಇಷ್ಟೆಲ್ಲ ಯಾಕೆ?

ಅತ್ತೆ: ನೀನು ಸುಮ್ನಿರು ಮಂಜು. ಚೌಕಾಸಿ ಮಾಡದೆ ಮುಂಗಡ ಕಳಿಸೋ ಗಿರಾಕಿ ಅವರೊಬ್ಬರೇ. ಅವರ ತಂಗಿ ಕೊಯಮತ್ತೂರಿನಿಂದ ಜೋನಿ ಬೆಲ್ಲ ಕೇಳ್ತಿದ್ದಾರೆ.

ನಾನು: ಹಾಗಿದ್ದರೆ ನೋಂದಣಿ ಮಾಡಿಸೋಣ ಅತ್ತೆ. ಅಲ್ಲಿವರೆಗೂ ಗಡಿ ದಾಟಿ ಒಂದು ಪ್ಯಾಕೆಟ್ಟೂ ಬೇಡ. ಕಳಿಸಿ ಆಗಿರೋದರ ಬಿಲ್ಲು, ಕೊರಿಯರ್ ಚೀಟಿ ಎಲ್ಲ ಎತ್ತಿಡಿ, ಆಡಿಟರ್‌ಗೆ ತೋರಿಸಿ ಏನು ಮಾಡಬೇಕು ಅಂತ ಕೇಳೋಣ. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ವ್ಯವಸ್ಥೆ ಇದೆ, ಅದನ್ನು ತಗೊಳ್ಳೋಣ. ಆಮೇಲೆ ಇಲ್ಲಿ ಮಾರುವ ಪ್ಯಾಕೆಟ್ಟಿಗೂ 5% ಸೇರುತ್ತೆ, ದರ ಈಗಲೇ ಯೋಚನೆ ಮಾಡಿ.

ಅತ್ತೆ: ಕೇಜಿಗೆ ಐದು ರೂಪಾಯಿ ಏರಿಸಿದ್ರೆ ಮಂಡ್ಯದವರು ನನ್ನನ್ನೇ ಬೈತಾರೆ.

ಚಿಕ್ಕಪ್ಪ: ನಾನಂತೂ ಬೈತೀನಿ.

ಅತ್ತೆ: ನೀನು ಯಾವತ್ತು ದುಡ್ಡು ಕೊಟ್ಟು ತಗೊಂಡಿದ್ದೀಯೋ? ಪುಟ್ಟಿ, ಬುಧವಾರ ಬರ್ತೀನಿ. ನೋಂದಣಿಗೆ ವಿಳಾಸ ತೋರಿಸೋಕೆ ಇರೋ ಕರೆಂಟ್ ಬಿಲ್ಲು ನಿಮ್ಮ ಮಾವನ ಹೆಸರಲ್ಲಿದೆ, ನಡೆಯುತ್ತಾ?

ನಾನು: ನಡೆಯುತ್ತೆ. ಮಾವನಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಂಡು ಬನ್ನಿ.

ದೊಡ್ಡಪ್ಪ (ಫಾರ್ವರ್ಡ್): ಎಚ್ಚರ!! ನಾಳೆಯಿಂದ ಎಟಿಎಂಗಳಲ್ಲಿ...